ಇಟ್ಟಿಗಿ ಕಲ್ಲಿನ ಮೊದಲ ಹೋಳು

2025ರ ಮಾರ್ಚ್ 17, ಸೋಮವಾರ, ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಹಡಗಲಿ ಠಾಣೆಯ ಮೆಟ್ಟಿಲು ಹತ್ತಿದವರು ನಾಲ್ವರು. ಮುಂದೆ ಕಾಲೇಜಿನ ಪ್ರಾಂಶುಪಾಲರು, ಅವರ ಹಿಂದೆ ಭೂಗರ್ಭಶಾಸ್ತ್ರದ ಉಪನ್ಯಾಸಕ ಮೈಲಾರಲಿಂಗಪ್ಪ, ಅವರ ಪಕ್ಕಕ್ಕೆ ಹೈದರಾಬಾದಿನ ಪ್ರಯೋಗಾಲಯದಿಂದ ಬಂದಿದ್ದ ವಿಜ್ಞಾನಿ ಕೀರ್ತನಾ. ಎಲ್ಲರಿಗಿಂತ ಹಿಂದೆ, ಒಳಗೆ ಬರಬೇಕೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತವನು ಕಾಲೇಜಿನ ಅಟೆಂಡರ್ ತಿಪ್ಪೇಶ. ಪ್ರಾಂಶುಪಾಲರ ಕೈಯಲ್ಲಿ ಟೈಪು ಮಾಡಿದ ದೂರಿತ್ತು. ತಿಪ್ಪೇಶನ ಹೆಗಲಿಗೆ, ದೂರಿನಲ್ಲಿ ಹೇಳಿದ ಕಲ್ಲಿನ ಚೀಲ. ತನ್ನ ಮೇಲಿನ ದೂರಿನ ಸಾಮಾನನ್ನು ತಾನೇ ಹೊತ್ತು ತಂದಿದ್ದ, ಪಾಪ.

ಸಬ್ ಇನ್‌ಸ್ಪೆಕ್ಟರ್ ಶಬ್ನಮ್ ದೂರನ್ನು ಎರಡು ಸಲ ಓದಿದಳು. ಕೂಡ್ಲಿಗಿಯಲ್ಲಿ ಲಾರಿ ರಿಪೇರಿ ಮಾಡುವವನ ಮಗಳು ಅವಳು. ಕಳ್ಳತನ ಅಂದರೆ ಬೈಕು, ಪಂಪ್‌ಸೆಟ್ಟು, ಕುರಿ ಎಂದು ಗೊತ್ತು. ಕಲ್ಲಿನ ಕಳ್ಳತನ ಇದೇ ಮೊದಲು.

ಕಲ್ಲಿನ ಕತೆ ಹೀಗೆ. ಜನವರಿ 18ರ ಬೆಳಿಗ್ಗೆ ಇಟ್ಟಿಗಿಯ ಸುಂಕಪ್ಪನ ಹೊಲಕ್ಕೆ ಆಕಾಶದಿಂದ ಒಂದು ಕಲ್ಲು ಬಿತ್ತು. ಎರಡು ಕಿಲೋ ಮುನ್ನೂರ ನಲವತ್ತು ಗ್ರಾಮು, ಮೇಲೆ ಮಸಿ ಬಳಿದಂಥ ಕಪ್ಪು ಸಿಪ್ಪೆ. ತಿಪ್ಪೇಶ ಅದೇ ಊರಿನವನಾದ್ದರಿಂದ ಓಡಿಬಂದು ಮೈಲಾರಲಿಂಗಪ್ಪ ಮೇಷ್ಟ್ರಿಗೆ ಸುದ್ದಿ ಹೇಳಿದ. ಕಲ್ಲು ಕಾಲೇಜಿನ ಕಬ್ಬಿಣದ ಕಪಾಟು ಸೇರಿತು. ಮೇಷ್ಟ್ರು ನೋಡಿದವರೇ ಪತ್ರಿಕೆಯವರಿಗೆ, ಇದು ಮಂಗಳ ಗ್ರಹದ ಕಲ್ಲು, ದೇಶದಲ್ಲೇ ಅಪರೂಪ ಎಂದುಬಿಟ್ಟರು. ಅಲ್ಲಿಂದ ಎರಡು ತಿಂಗಳು ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲಾ ಕಡೆ ಅವರಿಗೆ ಶಾಲು, ಹಾರ, ಭಾಷಣ. ಬಿದ್ದ ಉಲ್ಕಾಶಿಲೆ ಸರ್ಕಾರದ ಸ್ವತ್ತಾದ್ದರಿಂದ ಅದನ್ನು ಒಯ್ಯಲು ಕೀರ್ತನಾ ಈ ದಿನ ಬಂದಿದ್ದಳು. ಕಪಾಟು ತೆಗೆದರು. ಕಲ್ಲನ್ನು ಕೈಗೆತ್ತಿಕೊಂಡ ಎರಡೇ ನಿಮಿಷಕ್ಕೆ ಅವಳು ಅದನ್ನು ಮೇಜಿನ ಮೇಲಿಟ್ಟು, ಇದು ಆಕಾಶದ್ದಲ್ಲ, ಇಲ್ಲಿಯದೇ ಕರಿಕಲ್ಲು ಅಂದಳು. ಕಪಾಟಿನ ಕೀಲಿ ಇದ್ದದ್ದು ತಿಪ್ಪೇಶನ ಬಳಿ. ಎರಡನೆಯ ಕೀಲಿ ಕಳೆದು ವರ್ಷವಾಯಿತೆಂದು ಮೇಷ್ಟ್ರು ಹೇಳಿದರು. ಅಸಲಿ ಕಲ್ಲನ್ನು ತಿಪ್ಪೇಶ ಮಾರಿಕೊಂಡು ನಕಲಿ ಇಟ್ಟಿದ್ದಾನೆ ಎಂಬುದು ದೂರು.

ಮೇಷ್ಟ್ರು ತಿಪ್ಪೇಶನ ಹೆಗಲ ಮೇಲೆ ಕೈಯಿಟ್ಟರು. "ಮೇಡಂ, ಇವನಿಗೆ ಹೊಡಿಬ್ಯಾಡ್ರಿ. ನಾನs ಕಾಲೇಜಿಗೆ ಸೇರಿಸಿದೋನು. ಏನೋ ಆಸಿಗೆ ಬಿದ್ದಾನ. ಇವರ ಮಂದಿಗೆ ನಾವು ಎಷ್ಟು ಮಾಡಿದ್ರೂ ಅಷ್ಟs ನೋಡ್ರಿ. ಕಲ್ಲು ಕೊಟ್ರ ಸಾಕು, ಬಿಟ್ಟು ಬಿಡ್ರಿ."

ಆ ಹೊತ್ತಿಗೆ ಶಬ್ನಮ್‌ಗೆ, ಒಳ್ಳೆಯ ಮನುಷ್ಯ ಅನ್ನಿಸಿತ್ತು. ಆಮೇಲೆ ಆ ಮಾತು ನೆನಪಾದಾಗಲೆಲ್ಲ ಅವಳಿಗೆ ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಗುನ್ನೆ ನಂಬರ್ 41/2025. ಭಾರತೀಯ ನ್ಯಾಯ ಸಂಹಿತೆ ಕಲಂ 306, ನೌಕರನಿಂದ ಕಳ್ಳತನ. ಎಫ್ಐಆರ್ ದಾಖಲಾದದ್ದು 12 ಗಂಟೆ 35 ನಿಮಿಷಕ್ಕೆ. ಕಪಾಟಿನ ಪಂಚನಾಮೆ ಎರಡೂವರೆಗೆ ಮುಗಿಯಿತು. ಕಪಾಟನ್ನು ಒಡೆದ ಗುರುತಿಲ್ಲ, ಕಾಲೇಜಿನ ಕ್ಯಾಮೆರಾ ಕೆಟ್ಟು ಎಂಟು ತಿಂಗಳು.

ಮೂರು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಪಕ್ಕೀರಪ್ಪ ತಿಪ್ಪೇಶನನ್ನು ಹಿಂದಿನ ಕೋಣೆಗೆ ಕರೆದೊಯ್ದ. ಪಕ್ಕೀರಪ್ಪ ಕೆಟ್ಟವನಲ್ಲ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕೇಳುವ ರೀತಿ ಒಂದೇ ಗೊತ್ತು ಅವನಿಗೆ.

"ಎಷ್ಟಕ್ಕ ಮಾರಿದೆಲೇ?"

"ಮಾರಿಲ್ರಿ ಸರ."

"ಯಾರಿಗೆ?"

"ಮಾರೇ ಇಲ್ಲಂದ ಮ್ಯಾಲ ಯಾರ ಹೆಸರು ಹೇಳ್ಲಿ ಸರ?"

ಕಪಾಳಕ್ಕೆ ಬಿದ್ದ ಸದ್ದು ಮುಂದಿನ ಕೋಣೆಗೆ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಶಬ್ನಮ್ ಪಂಚನಾಮೆಗೆ ಸಹಿ ಹಾಕುತ್ತಿದ್ದಳು. ಅವಳ ಪೆನ್ನು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಇಟ್ಟಿಗಿಯಲ್ಲಿ ತಿಪ್ಪೇಶನ ಮನೆಯ ಶೋಧ. ಎರಡು ಕೋಣೆಯ ಮನೆ. ಜೋಳದ ಚೀಲ ಸುರುವಿದರು, ಹಾಸಿಗೆ ಬಿಚ್ಚಿದರು, ಗೋಡೆಯ ಮೇಲಿದ್ದ ಬುದ್ಧನ ಮತ್ತು ಅಂಬೇಡ್ಕರರ ಫೋಟೋ ಕೆಳಗಿಳಿಸಿ ಅವುಗಳ ಹಿಂದೆಯೂ ನೋಡಿದರು. ಪಂಚನಾಮೆಯಲ್ಲಿ ಪ್ರತಿ ಸಾಮಾನೂ ಬರೆದುಕೊಂಡದ್ದಾಯಿತು: ಟ್ರಂಕು ಒಂದು, ಹವಾಯಿ ಚಪ್ಪಲಿ ಮೂರು ಜೊತೆ, ಹೀಗೆ. ಕಲ್ಲಿಲ್ಲ. ತಿಪ್ಪೇಶನ ತಾಯಿ ಗಿಡ್ಡಮ್ಮ ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಮಗ ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರ, ಈ ಏಪ್ರಿಲ್‌ಗೆ ಖಾಯಂ ಆಗುವ ಕಾಗದ ಬರಬೇಕು, ಕೇಸು ಬಿದ್ದರೆ ಅದು ಅಲ್ಲಿಗೇ ಮುಗಿದಂತೆ ಎಂದು ಹೇಳಿದಳು. ಬೇಡಿಕೊಳ್ಳುವ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವವರ ದನಿಯಲ್ಲಿ. ಪೊಲೀಸರು ಹೊರಡುವಾಗ ಫೋಟೋಗಳನ್ನು ಸೆರಗಿನಿಂದ ಒರೆಸಿ ತಾನೇ ಮೊಳೆಗೆ ತಗುಲಿಸುತ್ತ ಅಂದಳು: "ಮಗನ್ನ ಅಲ್ಲಿ ಕುಂದ್ರಿಸಿಕೊಂಡೀರಿ, ಮನಿ ಕಿತ್ತು ಹಾಕಿದ್ರಿ. ಇನ್ನ ನನ್ನ ಸೀರಿ ಗಂಟೊಂದು ಐತಿ ನೋಡವ್ವ, ಬಿಚ್ಚಲೇನು?"

ಶಬ್ನಮ್ ಜೀಪು ಹತ್ತಿದಳು.

ಕೇಸಿನ ದಿಕ್ಕು ಬದಲಾದದ್ದು ಅದೇ ಮಧ್ಯಾಹ್ನ, ಪಕ್ಕೀರಪ್ಪನ ಮೂಗಿನಿಂದ. ನಕಲಿ ಕಲ್ಲು ಮೇಜಿನ ಮೇಲಿತ್ತು. ಕಿಟಕಿಯ ಬಿಸಿಲು ಬಿದ್ದು ಅದು ಕಾದಿತ್ತು. ಚೀಟಿ ಅಂಟಿಸಲು ಬಗ್ಗಿದ ಪಕ್ಕೀರಪ್ಪ ಅಲ್ಲೇ ನಿಂತ. ಇನ್ನೊಮ್ಮೆ ಮೂಸಿದ.

"ಮೇಡಂ, ಇದು ಬೂಟ್ ಪಾಲಿಶ್ ರಿ."

"ಹೌದೇನು?"

"ಇಪ್ಪತ್ತಾರು ವರ್ಷ ದಿನಾ ಮುಂಜಾನಿ ಇದರ ವಾಸನಿ ಕುಡದೀನ್ರಿ. ಹೆಂಡ್ತಿ ಮಾಡೋ ಸಾರಿನ ವಾಸನಿ ಮರತೇನು, ಇದನ್ನ ಮರಿಯಂಗಿಲ್ಲ."

ಹೇಳಿ ಮುಗಿಸಿದವನ ಮುಖ ಹಾಗೇ ಬಿದ್ದುಹೋಯಿತು. ಬೆಳಗಿನ ಪಂಚನಾಮೆ ಅವನೇ ಬರೆದದ್ದು. ಹವಾಯಿ ಚಪ್ಪಲಿ ಮೂರು ಜೊತೆ. ಆ ಮನೆಯಲ್ಲಿ ಬೂಟೇ ಇಲ್ಲ, ಪಾಲಿಶ್ ಡಬ್ಬಿ ಎಲ್ಲಿಂದ ಬರಬೇಕು?

ಚಿಂದಿಗೆ ಸೀಮೆಎಣ್ಣೆ ಅದ್ದಿ ಒಂದು ಮಗ್ಗುಲು ಒರೆಸಿದರು. ಕಪ್ಪು ಬಿಟ್ಟುಕೊಂಡ ಕಡೆ ಸಾಲು ಸಾಲು ಗೆರೆ ಕಂಡವು. ಕಲ್ಲು ಕೊಯ್ಯುವ ಮಷಿನ್ನಿನ ಗಾಲಿ ಎಳೆದ ಗೆರೆಗಳು.

ಸಂಜೆ ಕೀರ್ತನಾಳನ್ನು ಕರೆಸಿದರು. ಅವಳು ಹರಪನಹಳ್ಳಿಯವಳೇ, ಓದಿ ಹೈದರಾಬಾದು ಸೇರಿದವಳು. ಅವಳು ಹೇಳಿದ್ದು ಶಬ್ನಮ್‌ಗೆ ಹೊಸ ಸಂಗತಿ. ಫೆಬ್ರವರಿಯಲ್ಲೇ ಮೇಷ್ಟ್ರು ಇಟ್ಟಿಗಿ ಕಲ್ಲಿನದೊಂದು ಹನ್ನೆರಡು ಗ್ರಾಮಿನ ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಅದನ್ನು ಕೂದಲಿಗಿಂತ ತೆಳ್ಳಗೆ ತಿಕ್ಕಿ, ಗಾಜಿಗೆ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾಯಿತು. ಆಕಾಶದಿಂದ ಬೀಳುವ ಕಲ್ಲುಗಳಲ್ಲಿ ಬಹಳಷ್ಟರೊಳಗೆ ಸಣ್ಣ ಸಣ್ಣ ದುಂಡು ಕಾಳುಗಳಿರುತ್ತವೆ, ಕಾಂಡ್ರೂಲ್ ಎನ್ನುತ್ತಾರೆ. ಭೂಮಿ ಹುಟ್ಟುವ ಮೊದಲೇ ಕರಗಿ ಹನಿಯಾಗಿ ತಣ್ಣಗಾದವು. ಆ ಕಾಳಿನ ಅಂಚು ಎಷ್ಟು ಅಳಿಸಿದೆ ಎಂಬುದರ ಮೇಲೆ ಮೂರರಿಂದ ಆರರವರೆಗೆ ಅಂಕಿ. ಕಬ್ಬಿಣ ಎಷ್ಟಿದೆ ಎಂಬುದರ ಮೇಲೆ ಒಂದು ಅಕ್ಷರ.

"ಮನೇಲಿ ನುಚ್ಚು ಕುದಿಸ್ತೀರಲ್ಲ ಮೇಡಂ? ಮೊದಲು ಕಾಳು ಎಣಿಸಬೋದು. ಕುದೀತಾ ಕುದೀತಾ ಅಂಚು ಕರಗಿ ಒಂದರೊಳಗೊಂದು ಸೇರ್ಕೊಂಡ್ ಬಿಡ್ತಾವೆ. ಇದು ಪೂರ್ತಿ ಕುದ್ದಿರೋದು, ಆರು. ಆಲಿವಿನ್ ಖನಿಜದೊಳಗೆ ಕಬ್ಬಿಣದ ಪಾಲು ಇಪ್ಪತ್ತೈದು ಬಂದಿದೆ, ಅಂದ್ರೆ ಎಲ್ ಗುಂಪು. ಎಲ್ ಆರು. ತೀರ ಮಾಮೂಲಿ ಜಾತಿ. ಬೀಳೋ ಕಲ್ಲುಗಳಲ್ಲಿ ಇಂಥವೇ ಹೆಚ್ಚು."

"ಕಲ್ಲಿಗೂ ಜಾತಿ ಬಿಡ್ಲಿಲ್ಲೇನ್ರಿ ನೀವು?" ಎಂದ ಪಕ್ಕೀರಪ್ಪ.

"ಮಂಗಳದ್ದಲ್ಲ?" ಶಬ್ನಮ್ ಕೇಳಿದಳು.

"ಮಂಗಳದ ಕಲ್ಲಲ್ಲಿ ಕಾಳೇ ಇರಲ್ಲ, ಲೋಹದ ಚುಕ್ಕೆ ಇಲ್ಲ ಅನ್ನೋ ಹಂಗೇ. ಇದರಲ್ಲಿ ಎರಡೂ ಅವೆ. ಮಾರ್ಚ್ ಹತ್ತಕ್ಕೆ ನಾಲ್ಕು ಗಂಟೆಗೆ ಮೇಷ್ಟ್ರಿಗೆ ವರದಿ ಮೇಲ್ ಮಾಡಿದೀನಿ."

19ರ ಬೆಳಿಗ್ಗೆ ಮೇಷ್ಟ್ರನ್ನು ಹೇಳಿಕೆಗೆ ಕರೆದರು. ಬರುವಾಗ ಒಂದು ಬಿಸ್ಕತ್ತು ಪೊಟ್ಟಣ ತಂದರು. ನೆಲದ ಮೇಲೆ ಕುಂತಿದ್ದ ತಿಪ್ಪೇಶನ ಮುಂದೆ ಬಗ್ಗಿ, ತಿನ್ನಪಾ, ಉಪವಾಸ ಬೀಳಬ್ಯಾಡ ಎಂದು ಇಟ್ಟರು. ತಿಪ್ಪೇಶ ಮುಟ್ಟಲಿಲ್ಲ.

"ವರದಿ ಬಂದಿತ್ತೇನ್ರಿ ಸರ್?"

"ಬಂದಿತ್ತು. ಅದು ನಮ್ಮ ಕಲ್ಲಿಂದಲ್ಲ ಮೇಡಂ."

"ಚೂರು ಕಳಿಸಿದೋರು ನೀವs ಅಲ್ರಿ?"

"ಪಾರ್ಸಲ್ ಕಟ್ಟಿದೋನು ಇವ. ಲ್ಯಾಬಿನಾಗ ಬ್ಯಾರೆ ಕಡಿಂದ ತರಿಸಿದ ಹಳೇ ಚೂರು ಇದ್ವು. ಯಾವುದು ಹಾಕಿದ್ನೋ ಏನೋ. ಈಗ ಕಲ್ಲs ಹೋತು, ತಾಳೆ ನೋಡಾಕೂ ಬರಂಗಿಲ್ಲ. ಇಟ್ಟಿಗ್ಯಾಗ ಮಂಗಳದ ಕಲ್ಲು ಬಿದ್ದಿತ್ತು ಅಂತ ಜನ ನೆನಸ್ತಾರಲ್ಲ, ಅದs ಸಮಾಧಾನ."

ಹೌದು, ಸಮಾಧಾನವೇ ಇತ್ತು ಅವರ ಮುಖದಲ್ಲಿ. ಶಬ್ನಮ್ ಅದನ್ನೇ ನೋಡುತ್ತ ಕುಂತಳು. ಒಂದು ಕುರಿ ಕಳಕೊಂಡವನು ದಿನಕ್ಕೆ ಮೂರು ಸಲ ಠಾಣೆಗೆ ಬಂದು ಜೀವ ತಿನ್ನುತ್ತಾನೆ. ಈ ಮನುಷ್ಯ ಮಂಗಳ ಗ್ರಹವನ್ನು ಕಳಕೊಂಡು ರಾತ್ರಿ ನಿದ್ದೆ ಮಾಡಿ ಬಂದಿದ್ದ. ಅವರು ಹೋದ ಮೇಲೆ ಅವಳು ತಿಪ್ಪೇಶನನ್ನು ಮನೆಗೆ ಕಳಿಸಿದಳು. ಎರಡು ರಾತ್ರಿ ಅವನು ಅಲ್ಲಿದ್ದದ್ದು ಠಾಣೆಯ ದಿನಚರಿಯಲ್ಲಿ ಎಲ್ಲೂ ಇರಲಿಲ್ಲ. ಬಿಸ್ಕತ್ತಿನ ಪೊಟ್ಟಣಕ್ಕೆ ಇರುವೆ ಮುತ್ತಿದ್ದವು.

20ರಂದು ನಕಲಿ ಕಲ್ಲನ್ನು ಜೀಪಿಗೆ ಹಾಕಿಕೊಂಡು ಕಲ್ಲು ಕೊಯ್ಯುವ ಅಂಗಡಿಗಳ ತಿರುಗಾಟ. ಹಡಗಲಿಯಲ್ಲಿ ಎರಡು, ಹಗರಿಬೊಮ್ಮನಹಳ್ಳಿಯಲ್ಲಿ ಒಂದು. ನಮ್ಮದಲ್ಲ ಅಂದರು. ನಾಲ್ಕನೆಯದು ಕೊಟ್ಟೂರಿನಲ್ಲಿ ಖಾಜಾಸಾಬನ ತಗಡಿನ ಶೆಡ್ಡು. ಅಡುಗೆಮನೆ ಕಟ್ಟೆಯಿಂದ ಹಿಡಿದು ಗೋರಿಕಲ್ಲಿನವರೆಗೆ ಎಲ್ಲವನ್ನೂ ಕೊಯ್ದು ಕೊಡುವ ಅರವತ್ತರ ಮನುಷ್ಯ. ರಂಜಾನ್ ತಿಂಗಳು, ತುಟಿ ಒಣಗಿತ್ತು, ಮಾತು ಮಾತ್ರ ಒಣಗಿರಲಿಲ್ಲ. ಕಲ್ಲನ್ನು ತಿರುವಿ ನೋಡಿದವನೇ, "ಕಂಬದ ಬುಡದ ತುಂಡು ಇದು, ನಮ್ಮದs ಬೇಟಿ. ಇದಕ್ಕ ಪಾಲಿಶ್ ಬಳದೋನು ಯಾವ ಪುಣ್ಯಾತ್ಮ?" ಎಂದ.

ಮಾರ್ಚ್ 11ರ ಮಧ್ಯಾಹ್ನ ಕನ್ನಡಕ ಹಾಕಿದ, ಬೂಟು ತೊಟ್ಟ ಒಬ್ಬರು ಬೈಕಿನಲ್ಲಿ ಬಂದರಂತೆ. ಬಟ್ಟೆ ಚೀಲದಿಂದ ಕಪ್ಪು ಕಲ್ಲೊಂದನ್ನು ತೆಗೆದು, ನಡುವೆ ಕೊಯ್ದು ಒಳಗೆ ತೋರಿಸು ಅಂದರಂತೆ. ಮೊದಲು ಮೇಲಿನ ಹೋಳು ತೆಗೆದು ಮಟ್ಟ ಮಾಡಿಕೊಂಡ ಖಾಜಾಸಾಬ, ಆಮೇಲೆ ಎರಡು ಭಾಗ ಮಾಡಿದ. ನೀರು ಬಿಟ್ಟರೂ ಗಾಲಿಯಿಂದ ಕಿಡಿ ಬಂತು. ನಲವತ್ತು ವರ್ಷದಲ್ಲಿ ಯಾವ ಕಲ್ಲೂ ಹಾಗೆ ಕಿಡಿ ಕಾರಿರಲಿಲ್ಲ.

"ಒಳಗ ನೋಡಿದ್ರ ಬೆಳ್ಳಿ ಚುಕ್ಕಿ ಇದ್ದಂಗ. ಬಾಳ ಚೆಂದ ಇತ್ತಮ್ಮ. ಆ ಸಾಹೇಬ್ರು ಮಾತ್ರ ಅದನ್ನ ತೊಡಿ ಮ್ಯಾಲ ಇಟ್ಕೊಂಡು, ಮನ್ಯಾಗ ಯಾರೋ ಸತ್ತಂಗ ಕುಂತುಬಿಟ್ರು. ಅವರಿಗಂತ ಹೋಟೆಲಿಂದ ಚಾ ತರಿಸಿದೆ, ಆರಿ ತಣ್ಣಗಾತು, ಮುಟ್ಟಲಿಲ್ಲ. ಕಡೀಕ, ಇಷ್ಟs ದೊಡ್ಡದೊಂದು ಕರಿಕಲ್ಲು ಐತೇನು ಅಂದ್ರು. ಕೊಟ್ಟೆ."

ಶಬ್ನಮ್ ಪತ್ರಿಕೆಯ ತುಣುಕು ತೋರಿಸಿದಳು. ಶಾಲು ಹೊದ್ದು ನಿಂತ ಮೈಲಾರಲಿಂಗಪ್ಪ. ಇವರೇ, ಎಂದ ಖಾಜಾಸಾಬ.

"ಎಲ್ಲಾ ತುಂಡು ಒಯ್ದರೇನು ಚಾಚಾ?"

"ಎರಡು ಭಾಗ ಒಯ್ದ್ರು. ಮೊದಲ ಹೋಳು ಯಾರೂ ಒಯ್ಯಂಗಿಲ್ಲ. ಒಂದು ಮಗ್ಗುಲು ಒರಟು ಇರತೈತಲ್ಲ, ಅದು ಮಷಿನ್ನಿನ ಪಾಲು. ನಮ್ಮಪ್ಪನ ಕಾಲದ ದಸ್ತೂರು. ಅವರೂ ಕೇಳಲಿಲ್ಲ."

ಹೋಳು ನೀರಿನ ಡ್ರಮ್ಮಿನ ಕೆಳಗಿತ್ತು, ಡ್ರಮ್ಮು ಅಲುಗದಂತೆ ಒತ್ತುಗಲ್ಲಾಗಿ. ಪಕ್ಕೀರಪ್ಪ ಡ್ರಮ್ಮು ಓರೆ ಮಾಡಿದ, ಖಾಜಾಸಾಬ ಕೈ ಹಾಕಿ ತೆಗೆದ. ಒಂದು ಮಗ್ಗುಲು ನುಣುಪು, ಅಲ್ಲಲ್ಲಿ ಹೊಳೆಯುವ ಚುಕ್ಕೆ. ಇನ್ನೊಂದು ಮಗ್ಗುಲಿಗೆ ಮಾಸಿದ ಕಪ್ಪು ಸಿಪ್ಪೆ. ಶಬ್ನಮ್ ಅಂಗಡಿಯ ಹಳೇ ಸ್ಪೀಕರಿನ ಅಯಸ್ಕಾಂತವೊಂದನ್ನು ಕೇಳಿ ಪಡೆದಳು. ಅಪ್ಪನ ಶೆಡ್ಡಿನಲ್ಲಿ ಕಬ್ಬಿಣದ ಪುಡಿ ಆರಿಸಿ ಬೆಳೆದವಳು. ಅಯಸ್ಕಾಂತ ಹೋಳಿಗೆ ಮೆಲ್ಲಗೆ ಅಂಟಿಕೊಂಡಿತು. ಇಬ್ಬರು ಪಂಚರ ಮುಂದೆ ಜಪ್ತಿ, 3 ಗಂಟೆ 20 ನಿಮಿಷ, ತೂಕ 212 ಗ್ರಾಮು.

ಸುದ್ದಿ ಕೇಳಿದ ಕೀರ್ತನಾ, ಸಿಪ್ಪೆ ಉಳಿದಿದೆಯೇ ಎಂದು ಮೊದಲು ಕೇಳಿದಳು. ಉಲ್ಕಾಶಿಲೆ ಓದುವವರಿಗೆ ಮೊದಲ ದಿನವೇ ಹೇಳಿಕೊಡುವುದು, ಕಪ್ಪು ಸಿಪ್ಪೆ ಜೋಪಾನ ಮಾಡು ಎಂದು. ಮೂವತ್ತೊಂದು ವರ್ಷ ಪಾಠ ಹೇಳಿದ ಮೇಷ್ಟ್ರು ಅದನ್ನು ಡ್ರಮ್ಮಿನ ಕಾಲಿಗೆ ಬಿಟ್ಟು ಬಂದಿದ್ದರು. ಒಳಗೆ ಏನಿದೆ ಎಂಬುದರ ಮೇಲೇ ಅವರ ಕಣ್ಣಿತ್ತು.

26ರ ಮಧ್ಯಾಹ್ನ ವರದಿ ಬಂತು. ಫೆಬ್ರವರಿಯ ಚೂರು ಮತ್ತು ಕೊಟ್ಟೂರಿನ ಹೋಳು ಒಂದೇ ಕಲ್ಲಿನವು. ಅದೇ ಆಲಿವಿನ್, ಅದೇ ಪೈರಾಕ್ಸಿನ್ ಖನಿಜ, ಅದೇ ಅಳಿಸಿದ ಕಾಳುಗಳು, ಕಬ್ಬಿಣದ ಪಾಲು ಎರಡರಲ್ಲೂ ಇಪ್ಪತ್ತೈದು. ಎಲ್ 6. ಪಾರ್ಸಲ್ಲಿಗೆ ತಿಪ್ಪೇಶ ಹಾಕಿದ್ದು ಸರಿಯಾದ ಚೂರನ್ನೇ.

27ರ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರ ಮನೆಯ ಬಾಗಿಲು ಬಡಿದರು. ಕಪಾಟಿನ ಎರಡನೆಯ ಕೀಲಿ ಅವರ ಬೈಕಿನ ಕೀಲಿಗೊಂಚಲಿನಲ್ಲೇ ಇತ್ತು. ಕಲ್ಲು ಎಲ್ಲಿ ಎಂದು ಕೇಳಿದಾಗ ಅವರು ಹಿತ್ತಲಿನ ಕಡೆ ನೋಡಿದರು. ಹಿತ್ತಲಿನಲ್ಲಿದ್ದದ್ದು ಪಾಯಿಖಾನೆಯ ಗುಂಡಿ.

ಪುರಸಭೆಯ ಹೀರುವ ಗಾಡಿ ಬರಲು ಒಂದು ಗಂಟೆ ಹಿಡಿಯಿತು. ಪಂಚರು ಮೂಗಿಗೆ ಟವೆಲು ಕಟ್ಟಿಕೊಂಡರು, ಅಕ್ಕಪಕ್ಕದವರು ಕಿಟಕಿ ಮುಚ್ಚಿದರು. ರಂಜಾನ್ ಉಪವಾಸದಲ್ಲಿದ್ದ ಶಬ್ನಮ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಗುಂಡಿಯ ಹತ್ತಿರವೇ ನಿಂತಳು. ಗುಂಡಿ ಬರಿದಾದ ಮೇಲೆ ಉದ್ದ ಕೋಲಿನ ಜಾಳಿಗೆಯಲ್ಲಿ ಎರಡು ತುಂಡು ಮೇಲೆ ಬಂದವು. ಕೊಡ ಕೊಡ ನೀರು ಸುರಿದು ತೊಳೆದರು. ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ ಮೇಷ್ಟ್ರು ಆಗ ಬಾಯಿಬಿಟ್ಟರು:

"ಮೆಲ್ಲಕ ಹಿಡೀರಿ. ಅಂಚು ಒಡಿತಾವು."

ಕೊಡ ಹಿಡಿದಿದ್ದ ಪಕ್ಕೀರಪ್ಪ ಪಕ್ಕಕ್ಕೆ ತಿರುಗಿ ಉಗುಳಿದ. ನೆಲಕ್ಕೇ ಉಗುಳಿದ್ದು, ಆದರೂ ಯಾರಿಗೆ ಎಂಬುದು ಎಲ್ಲರಿಗೂ ತಿಳಿಯಿತು.

12 ಗಂಟೆ 50 ನಿಮಿಷಕ್ಕೆ ದಸ್ತಗಿರಿ. ಕಲಂ ಬದಲಾಯಿತು: ನಂಬಿಕೆ ದ್ರೋಹ, ಸಾಕ್ಷ್ಯ ನಾಶ, ನಿರಪರಾಧಿಯ ಮೇಲೆ ಸುಳ್ಳು ಆರೋಪ.

ಹೇಳಿಕೆಯಲ್ಲಿ ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಕಲ್ಲಿಗೆ ಗಿರಾಕಿ ಹುಡುಕಿರಲಿಲ್ಲ, ಒಂದು ರೂಪಾಯಿಯ ಆಸೆಯೂ ಇರಲಿಲ್ಲ. "ಮೂವತ್ತೊಂದು ವರ್ಷ ಪಾಠ ಮಾಡೀನಿ. ಒಬ್ಬರೂ ಎದ್ದು ಒಂದು ಪ್ರಶ್ನಿ ಕೇಳಿರಲಿಲ್ಲ. ಈ ಕಲ್ಲು ಬಿದ್ದ ಮ್ಯಾಲ ಮಂದಿ ನನ್ನ ಕೇಳಾಕ ಶುರು ಮಾಡಿದ್ರು. ಬಸ್ಸಿನಾಗ, ಹೋಟೆಲಿನಾಗ. ಇದು ಎಲ್ಲಾ ಕಡೆ ಬೀಳೋ ಕಲ್ಲು ಅಂತ ಗೊತ್ತಾದ್ರ ಕೇಳೋದು ನಿಲ್ಲಿಸ್ತಾರ ಅನ್ನಿಸ್ತು." ವರದಿ ಸುಳ್ಳಿರಬಹುದೆಂದು ಕೊಯ್ಸಿ ನೋಡಿದರಂತೆ. ಲೋಹದ ಚುಕ್ಕೆ ಕಂಡ ಕೂಡಲೇ ಎಲ್ಲ ತಿಳಿಯಿತಂತೆ.

"ತಿಪ್ಪೇಶ ಏನು ಮಾಡಿದ್ದ ನಿಮಗ?"

"ಏನಿಲ್ಲ. ಕೀಲಿ ಅವನ ಹತ್ರ ಇತ್ತು."

ಶಬ್ನಮ್ ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಕಾದಳು. ಅಷ್ಟೇ ಇತ್ತು. ಕನಿಕರ ಹುಟ್ಟಬಹುದೆಂದು ತನ್ನೊಳಗೆ ಹುಡುಕಿಕೊಂಡಳು. ಹುಟ್ಟಲಿಲ್ಲ.

29ರ ಶನಿವಾರ ತಿಪ್ಪೇಶ ತಾಯಿಯೊಂದಿಗೆ ಬಂದ. ಕೇಸಿನಿಂದ ಹೆಸರು ತೆಗೆದಾಗಿದೆ ಎಂದು ಹೇಳಿದರೂ ಅವನು ಕದಲಲಿಲ್ಲ. ಪ್ರಾಂಶುಪಾಲರಿಗೆ ತೋರಿಸಲು ಒಂದು ಕಾಗದ ಬೇಕಿತ್ತು. ತಾನು ಕಳ್ಳನಲ್ಲ ಎಂದು. ಅಂಥ ನಮೂನೆ ಠಾಣೆಯಲ್ಲಿಲ್ಲ ಎಂದ ಪಕ್ಕೀರಪ್ಪ, ತಿಪ್ಪೇಶನ ಮುಖ ನೋಡದೆ. ಶಬ್ನಮ್ ಬಿಳಿ ಹಾಳೆ ಎಳೆದುಕೊಂಡು ಕೈಯಾರೆ ಬರೆದಳು. ಇಟ್ಟಿಗಿಯ ಶ್ರೀ ತಿಪ್ಪೇಶ ಅವರು ನಿರ್ದೋಷಿಗಳು, ಪರೀಕ್ಷೆಗೆ ಕಳಿಸಿದ ಚೂರನ್ನು ಅವರು ಸರಿಯಾಗಿಯೇ ಕಳಿಸಿದ್ದರು ಎಂದು ಐದು ಸಾಲು.

ಗಿಡ್ಡಮ್ಮ ಗಟ್ಟಿಯಾಗಿ ಓದಿಸಿ ಕೇಳಿದಳು. ಕೇಳಿ, "ಎರಡು ರಾತ್ರಿ ಕುಂದ್ರಿಸಿ ಬಡದದ್ದು ಬರದಿಲ್ಲಲ್ಲವ್ವ" ಅಂದಳು.

"ಮೇಡಂ, ಅದು ಬರದ್ರ ನಮ್ಮ ಕುತ್ತಿಗಿಗೇ ಬರತೈತ್ರಿ" ಎಂದು ಪಕ್ಕೀರಪ್ಪ ತಗ್ಗಿದ ದನಿಯಲ್ಲಿ ಹೇಳಿದ.

ಶಬ್ನಮ್‌ಗೆ ಗೊತ್ತಿತ್ತು. ಅವಳು ಹಾಳೆಯನ್ನು ಮತ್ತೆ ಮುಂದಿಟ್ಟುಕೊಂಡು, ಮಾರ್ಚ್ 17ರಿಂದ 19ರವರೆಗೆ ಇವರನ್ನು ಯಾವ ಆಧಾರವೂ ಇಲ್ಲದೆ, ದಿನಚರಿಯಲ್ಲಿ ದಾಖಲಿಸದೆ ಠಾಣೆಯಲ್ಲಿ ಇಟ್ಟುಕೊಳ್ಳಲಾಗಿತ್ತು, ಹೊಡೆಯಲಾಗಿತ್ತು, ಆಗ ನಾನು ಪಕ್ಕದ ಕೋಣೆಯಲ್ಲೇ ಇದ್ದೆ ಎಂದು ಆರನೆಯ ಸಾಲು ಬರೆದಳು. ಕೆಳಗೆ ಹೆಸರು, ಹುದ್ದೆ, ವೇಳೆ 11 ಗಂಟೆ 15 ನಿಮಿಷ. ಸೀಲು ಒತ್ತಿದಳು.

ಗಿಡ್ಡಮ್ಮ ಶಾಯಿ ಆರುವವರೆಗೆ ಕಾದು, ಕಾಗದ ಮಡಚಿ ಮಗನ ಕೈಗೆ ಕೊಟ್ಟಳು. ಇಬ್ಬರೂ ಮೆಟ್ಟಿಲಿಳಿದು ಹೊರಟರು.